ಸೊಸೆಯ ಪಾತ್ರಕ್ಕೆ ಯಾರೂ ಸಿಗುತ್ತಿರಲಿಲ್ಲ

ಚಿತ್ರದುರ್ಗದ ನಮ್ಮ ಬೀದಿಯ ಕೊನೆಯ ಮನೆಗೆ ಸೊಸೆಯಾಗಿ ಬಂದ ಹುಡುಗಿಯೊಬ್ಬಳು ಆರೋಗ್ಯ ಸಲಹೆಗಾರ್ತಿಯ ಕೆಲಸಕ್ಕೆ ಆಯ್ಕೆಯಾಗಿದ್ದಾಳೆ. ತರಬೇತಿಗೆ ಹೊರಡುವ ಮೊದಲು ನನ್ನ ಹತ್ತಿರ ಬಂದು, "ಆಂಟಿ, ನೀವು ಎಷ್ಟೋ ವರ್ಷ ಇದನ್ನೇ ಕಲಿಸಿದೋರಂತೆ. ನಾನು ಮುಂಚೇನೇ ಏನಾರ ಓದ್ಕಂಡು ಹೋಗ್ಬೇಕಾ?" ಎಂದು ಕೇಳಿದಳು. "ಓದೋದು ಹಂಗಿರಲಿ, ನಿನಗೆ ಜಗಳ ಆಡಾಕೆ ಬರ್ತೈತಾ?" ಎಂದೆ. ಪಾಪ, ಹೆದರಿಕೊಂಡು ಎದ್ದು ಹೋದಳು. ಅವಳು ಕೂತಿದ್ದರೆ ಏನು ಹೇಳುತ್ತಿದ್ದೆನೋ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ನರ್ಸಮ್ಮನಾಗಿ ಕೆಲಸಕ್ಕೆ ಸೇರಿದವಳು. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಎಂದು ತಾಲ್ಲೂಕು ತಾಲ್ಲೂಕು ಸುತ್ತಿ, ಕೊನೆಗೆ ದುರ್ಗದಲ್ಲಿ ಹಳ್ಳಿಯ ಹೆಂಗಸರಿಗೆ ತರಬೇತಿ ಕೊಡುವ ಕೆಲಸಕ್ಕೆ ಬಂದೆ. ಬಡ್ತಿ ಯಾವಾಗ ಬಂತು, ಯಾವ ಆದೇಶದಲ್ಲಿ ಬಂತು ಎಂಬುದು ನನಗೇ ನೆನಪಿಲ್ಲ. ನಿವೃತ್ತಿಯ ದಿನ ಹಾರ ಹಾಕಿ, ಗೋಡೆ ಗಡಿಯಾರ ಕೊಟ್ಟು, "ಮೇಡಂ ಅವರಿಗೆ ಕೋಪ ಎಂದರೆ ಏನೆಂದೇ ಗೊತ್ತಿರಲಿಲ್ಲ" ಎಂದು ಒಬ್ಬರು ಭಾಷಣ ಮಾಡಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನನ್ನ ಹಳೆಯ ಶಿಷ್ಯೆಯರು ಕಿಸಕ್ಕನೆ ನಕ್ಕಿದ್ದು ನನಗೂ ಕೇಳಿಸಿತು, ಭಾಷಣ ಮಾಡಿದವರಿಗೂ ಕೇಳಿಸಿತು.

ಸಲಹೆಗಾರ್ತಿ ಎಂದರೆ ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಆಯಾ ಊರಿನವಳೇ ಒಬ್ಬ ಹೆಂಗಸು. ಮನೆಮನೆಗೆ ಹೋಗಿ, ಬಸುರಿಯರು ಮಾತ್ರೆ ನುಂಗಿದರಾ, ಮಗುವಿಗೆ ಚುಚ್ಚುಮದ್ದು ಆಯಿತಾ, ಮುದುಕರ ಬಿಪಿ ಮಾತ್ರೆ ತಪ್ಪಿಲ್ಲ ತಾನೇ ಎಂದು ವಿಚಾರಿಸಬೇಕು, ಹೇಳಿದ್ದನ್ನು ಜನ ಕೇಳುವ ಹಾಗೆ ಮಾಡಬೇಕು. ಹೇಳುವುದನ್ನು ಒಂದು ವಾರದಲ್ಲಿ ಕಲಿಸಬಹುದು. ಜನ ಕೇಳುವ ಹಾಗೆ ಮಾಡುವುದನ್ನು ಕಲಿಸಲು ನನ್ನ ಅರ್ಧ ಆಯುಷ್ಯ ಹೋಯಿತು.

ಆಗ ನಮಗೊಬ್ಬ ಮೇಲಧಿಕಾರಿ ಇದ್ದರು. ಒಳ್ಳೆಯ ಮನುಷ್ಯ, ಆದರೆ ಲ್ಯಾಪ್‌ಟಾಪ್ ತೆರೆಯದೆ ಬಾಯಿ ತೆರೆಯುತ್ತಿರಲಿಲ್ಲ. ಗೋಡೆಯ ಮೇಲೆ ಚಿತ್ರ ಬೀಳಿಸಿ, ಕೋಲು ಹಿಡಿದು ತೋರಿಸುತ್ತಾ ಪಾಠ ಮಾಡುವುದು ಅವರ ಪದ್ಧತಿ. ಒಂದು ದಿನ ಪಾಠ ಶುರುವಾದ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಬೇರೆ ಯಾರಾದರೂ ಆಗಿದ್ದರೆ ಟೀ ಕುಡಿಯಲು ಹೋಗುತ್ತಿದ್ದರು. ಇವರು ಬಿಡಲಿಲ್ಲ. "ಮುಂದಿನ ಚಿತ್ರದಲ್ಲಿ ತಾವು ನೋಡುತ್ತಿರುವಂತೆ" ಎಂದು ಬರೀ ಗೋಡೆಗೆ ಕೋಲು ಇಟ್ಟು ಹೇಳುತ್ತಲೇ ಹೋದರು. ನಮ್ಮ ಹೆಂಗಸರೂ ಭಯಭಕ್ತಿಯಿಂದ ಆ ಗೋಡೆಯನ್ನೇ ನೋಡುತ್ತಾ ಕೂತರು. ಪಾಠ ಮುಗಿಸಿ, "ಏನು ಅರ್ಥವಾಯಿತು, ಒಬ್ಬರು ಹೇಳಿ" ಎಂದರು. ಹೊಸದುರ್ಗ ತಾಲ್ಲೂಕಿನ ಬಾಗೂರಿಂದ ಬಂದಿದ್ದ ಗೌರಮ್ಮ ಎದ್ದು ನಿಂತು, "ಎಲ್ಲಾ ಅರ್ಥ ಆತು ಸಾರ್, ಗ್ವಾಡೆಗೆ ಸುಣ್ಣ ಹೊಡುಸ್ಬೇಕು" ಎಂದಳು. ಅವಳಿಗೆ ನಿಜಕ್ಕೂ ಅದೇ ಪಾಠ ಎಂದು ಅನಿಸಿತ್ತೋ, ತಮಾಷೆ ಮಾಡಿದಳೋ, ಇವತ್ತಿಗೂ ನನಗೆ ಗೊತ್ತಿಲ್ಲ. ಸಾಹೇಬರು ಮಾತ್ರ ಆ ವರ್ಷವೇ ಗೋಡೆಗೆ ಸುಣ್ಣ ಹೊಡೆಸಿದರು.

ಇನ್ನೊಂದು ಸಲ ಹೊಳಲ್ಕೆರೆಯ ತಂಡಕ್ಕೆ ಕಲಿಸಲೆಂದು ಒಂದು ಬೊಂಬೆ ಬಂತು. ಎಳೆಗೂಸಿನಷ್ಟೇ ಗಾತ್ರ, ಅಷ್ಟೇ ಭಾರ, ಕತ್ತು ಹಿಡಿಯದಿದ್ದರೆ ಹಿಂದಕ್ಕೆ ವಾಲುತ್ತಿತ್ತು. ಮೊದಲ ದಿನ ಅದನ್ನು ಹೆಂಗಸರ ಕೈಗೆ ಕೊಟ್ಟು ಊಟಕ್ಕೆ ಹೋಗಿ ಬಂದೆ. ಅಷ್ಟರಲ್ಲಿ ಅದರ ಕೆನ್ನೆಗೆ ದೃಷ್ಟಿಬೊಟ್ಟು ಬಿದ್ದಿತ್ತು. ಮಾರನೆಯ ದಿನ ಸೊಂಟಕ್ಕೆ ಕರಿ ಉಡಿದಾರ. ಅದರ ಮಾರನೆಯ ದಿನ ಯಾರದೋ ಮನೆಯಿಂದ ಕುಲಾವಿ. ಸಾಯಂಕಾಲ ನಾನು ಬೊಂಬೆಯ ಕಾಲು ಹಿಡಿದೆತ್ತಿ ಪೆಟ್ಟಿಗೆಗೆ ಹಾಕಲು ಹೋದಾಗ ಹೆಂಗಸರೆಲ್ಲ ಒಟ್ಟಿಗೆ "ಅಯ್ಯಯ್ಯೋ!" ಎಂದು ಕೂಗಿದ್ದಕ್ಕೆ ನಾನೇ ಬೆಚ್ಚಿ ಕೈಬಿಟ್ಟೆ.

ಆಮೇಲೆ ತೂಕದ ಪಾಠ. ಬೊಂಬೆಯನ್ನು ಜೋಳಿಗೆಯಲ್ಲಿ ಹಾಕಿ, ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ, ಮುಳ್ಳು ಎಲ್ಲಿ ನಿಂತಿತು ಎಂದು ಗಟ್ಟಿಯಾಗಿ ಹೇಳಬೇಕು.

"ಎಷ್ಟೈತಮ್ಮ?" ಎಂದೆ.

"ಐತೆ ಮೇಡಂ" ಎಂದಳು ತಕ್ಕಡಿ ಹಿಡಿದವಳು.

"ಇರೋದು ನನಗೂ ಕಾಣ್ತೈತೆ. ಎಷ್ಟೈತೆ?"

"ಚೆನ್ನಾಗೈತೆ ಮೇಡಂ."

ಒಬ್ಬರಾದ ಮೇಲೆ ಒಬ್ಬರು ಬಂದರು, ಒಬ್ಬರೂ ತೂಕ ಹೇಳಲಿಲ್ಲ. ಮಗುವಿನ ತೂಕವನ್ನು ಹತ್ತು ಜನರ ಮುಂದೆ ಬಾಯಿಬಿಟ್ಟು ಹೇಳಿದರೆ ದೃಷ್ಟಿಯಾಗುತ್ತದೆ ಎಂಬುದು ಅವರ ಸಂಕಟ. ನನಗೆ ಸಿಟ್ಟು ನೆತ್ತಿಗೇರಿತು. "ಅದು ರಬ್ಬರ್ ಬೊಂಬೆ ಕಣ್ರಮ್ಮಾ! ಅದಕ್ಕೆ ಯಾವ ದೃಷ್ಟಿ?" ಎಂದು ಕೂಗಿದೆ. ನಾನೇನೋ ಅವರ ಮಗುವಿಗೆ ಬೈದೆ ಎಂಬಂತೆ ಎಲ್ಲರೂ ಮುಖ ಸಪ್ಪಗೆ ಮಾಡಿಕೊಂಡರು. ಕೊನೆಗೆ ಒಂದು ರಾಜಿಯಾಯಿತು. ತೂಕ ಹೇಳುವುದು, ಹೇಳಿದ ತಕ್ಷಣ ಎರಡೂ ಕೈಯಲ್ಲಿ ನೆಟಿಗೆ ಮುರಿದು ದೃಷ್ಟಿ ತೆಗೆಯುವುದು. ಆ ತಂಡದವರು ಹಳ್ಳಿಗೆ ಹೋದ ಮೇಲೂ ಹಾಗೆಯೇ ಮಾಡಿದರು. ಎಳೆಮಕ್ಕಳ ತಾಯಂದಿರು ಬೇರೆ ಕಡೆ ತಕ್ಕಡಿ ಕಂಡರೆ ಓಡುತ್ತಿದ್ದರು, ಇವರ ಹತ್ತಿರ ಮಾತ್ರ ತಾವೇ ಮಗು ಎತ್ತಿಕೊಂಡು ಬರುತ್ತಿದ್ದರು. ನನ್ನ ಪಾಠಕ್ಕಿಂತ ಆ ನೆಟಿಗೆಯೇ ಹೆಚ್ಚು ಕೆಲಸ ಮಾಡಿತೆಂದು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಕಾಲ ಹಿಡಿಯಿತು.

ಅದೇ ಬೊಂಬೆಯನ್ನು ನಮ್ಮ ಸಾಹೇಬರು ನೋಡಿದ ಕಥೆಯನ್ನೂ ಹೇಳಿಬಿಡುತ್ತೇನೆ. ಒಂದು ಬೆಳಿಗ್ಗೆ ತಪಾಸಣೆಗೆಂದು ಬಂದವರು ಬಾಗಿಲಲ್ಲೇ ನಿಂತು, "ಇಷ್ಟು ಎಳೇ ಮಗು ಒಂದನ್ನೇ ಮೇಜಿನ ಮೇಲೆ ಮಲಗಿಸಿದ್ದೀರಲ್ಲ, ಬಿದ್ದರೆ ಯಾರು ಜವಾಬ್ದಾರಿ? ಇದರ ತಾಯಿ ಎಲ್ಲಿ?" ಎಂದು ಗದರಿದರು. ಎಲ್ಲರೂ ನಗು ತಡೆಯಲು ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡಿದ್ದರು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ತರಬೇತಿಯಲ್ಲಿ ನಾಟಕದಂಥ ಒಂದು ಅಭ್ಯಾಸವಿತ್ತು. ಮೂವರು ಮುಂದೆ ಬರಬೇಕು. ಒಬ್ಬಳು ಬಸುರಿ ಸೊಸೆ, ಒಬ್ಬಳು ಅವಳ ಅತ್ತೆ, ಇನ್ನೊಬ್ಬಳು ಆ ಮನೆಗೆ ಭೇಟಿ ಕೊಡುವ ಸಲಹೆಗಾರ್ತಿ. ಯಾರಿಗೆ ಯಾವ ಪಾತ್ರ ಎಂದು ಕೇಳಿದರೆ ಇಡೀ ಹಾಲಿಗೆ ಹಾಲೇ ಅತ್ತೆಯ ಪಾತ್ರಕ್ಕೆ ಕೈ ಎತ್ತುತ್ತಿತ್ತು. ಸೊಸೆಯ ಪಾತ್ರಕ್ಕೆ ಒಬ್ಬರೂ ಸಿಗುತ್ತಿರಲಿಲ್ಲ. "ಮನ್ಯಾಗೆ ದಿನಾ ಅದೇ ಐತೆ, ಇಲ್ಲೂ ಅದೇ ಮಾಡಾಕೆ ಬಸ್ ಹತ್ಕಂಡು ಬಂದೀವಾ ಮೇಡಂ?" ಎನ್ನುತ್ತಿದ್ದರು. ಅತ್ತೆಯ ಪಾತ್ರ ಸಿಕ್ಕಿತೋ, ಬಾಯಿಗೆ ಎಲೆಅಡಿಕೆ ಇದ್ದ ಹಾಗೆ ಕೆನ್ನೆ ಉಬ್ಬಿಸಿಕೊಂಡು, ಸೊಂಟಕ್ಕೆ ಕೈ ಕೊಟ್ಟು, ತಮ್ಮ ತಮ್ಮ ಅತ್ತೆಯಂದಿರ ನಡಿಗೆ, ಕೆಮ್ಮು, ಬೈಗುಳ ಎಲ್ಲವನ್ನೂ ತಂದು ಸುರಿಯುತ್ತಿದ್ದರು. ಸಲಹೆಗಾರ್ತಿ ಪಾತ್ರದವಳು ಪುಸ್ತಕದಲ್ಲಿದ್ದ ಎರಡು ವಾಕ್ಯ ಹೇಳಿ ಸೋತು ಬಂದು ಕೂರುತ್ತಿದ್ದಳು.

ಹೀಗಿರುವಾಗ ಒಂದು ಸಲ ಹಿರಿಯೂರು ತಾಲ್ಲೂಕಿನ ತಂಡಕ್ಕೆ ನಿಜವಾದ ಅತ್ತೆಯೇ ಬಂದುಬಿಟ್ಟರು.

ಮಂಜುಳ ಎಂಬ ಹುಡುಗಿ. ಕುರಿ ಸಾಕುವವರ ಹಟ್ಟಿಯವಳು. ಹಿರಿಯೂರಿನಲ್ಲಿ ಪಿಯುಸಿ ಓದಿ ಮದುವೆಯಾಗಿ ಹೋದವಳು. ಮೊಲೆಹಾಲು ಕುಡಿಯುವ ಮಗು ಇದ್ದದ್ದರಿಂದ, ಮಗು ನೋಡಿಕೊಳ್ಳಲು ಅತ್ತೆ ಚಿತ್ತಮ್ಮನವರೂ ಜೊತೆಗೆ ಬಂದಿದ್ದರು. ಎತ್ತರದ ಆಳು, ಹಣೆಯ ತುಂಬ ಕುಂಕುಮ, ಹೆಗಲ ಮೇಲೆ ಕಂಬಳಿ. ಬಂದವರೇ ಹಾಲಿನ ಕೊನೆಯ ಗೋಡೆಗೆ ಒರಗಿ, ಕಾಲು ಚಾಚಿ, ಮೊಮ್ಮಗನನ್ನು ಕಾಲ ಮೇಲೆ ಹಾಕಿಕೊಂಡು, ನನ್ನನ್ನು ಕರೆದು ಹೇಳಿದರು:

"ನೋಡಮ್ಮ ನರ್ಸಮ್ಮ, ಇವಳನ್ನ ಈ ಕೆಲಸಕ್ಕೆ ಕಳ್ಸೋದು ಬಿಡೋದು ಇನ್ನಾ ತೀರ್ಮಾನ ಆಗಿಲ್ಲ. ನನ್ ಮಗ ಕುರಿ ಹೊಡ್ಕಂಡು ಗದ್ದೆ ಸೀಮೆ ಕಡೆ ಹೋಗ್ಯಾನೆ, ತೀರ್ಮಾನ ನಂದೇ. ಇಲ್ಲಿ ಏನು ಹೇಳ್ಕೊಡ್ತೀಯೋ ನಾನೂ ಕೇಳ್ತೀನಿ. ಸರಿ ಬರ್ಲಿಲ್ಲ ಅಂದ್ರೆ ಇವಳಿಗೆ ಕುರಿಮರಿ ಅವೆ, ಮೇಸ್ಕಂಡು ಇರ್ತಾಳೆ."

ಮಂಜುಳ ನೆಲ ನೋಡುತ್ತಾ ನಿಂತಿದ್ದಳು. ಮಧ್ಯಾಹ್ನ ಕೈ ತೊಳೆಯುವಾಗ ಒಬ್ಬಳೇ ಸಿಕ್ಕಾಗ, "ಮೇಡಂ, ನಾನು ಓದಿದ್ದೆಲ್ಲ ಮರ್ತೇ ಹೋಗ್ತಾ ಐತೆ. ಇದೊಂದು ಸಿಕ್ರೆ ಸಾಕು ಮೇಡಂ, ನಾನು ಎಷ್ಟು ಮನೆ ಬೇಕಾದ್ರೂ ತಿರುಗ್ತೀನಿ" ಎಂದಳು. ಕಣ್ಣಲ್ಲಿ ನೀರಿತ್ತು. ನನಗೆ ಅವಳ ಮೇಲೆ ಬಹಳ ಕನಿಕರವಾಯಿತು. ಅತ್ತೆಯ ಮೇಲೆ ಸಿಟ್ಟು ಬಂತು ಎಂದು ಬರೆಯಬಹುದಿತ್ತು, ಆದರೆ ಅಷ್ಟು ಹೊತ್ತಿಗೆ ಆ ಹೆಂಗಸು ನನಗೆ ಹಿಡಿಸಿಬಿಟ್ಟಿದ್ದರು.

ಏಕೆಂದರೆ ಚಿತ್ತಮ್ಮ ಪಾಠವನ್ನು ನಿಜವಾಗಿ ಕೇಳುತ್ತಿದ್ದರು. ಉಳಿದವರು ಮಂಡಕ್ಕಿ ಮೆಣಸಿನಕಾಯಿ ಯಾವಾಗ ಬರುತ್ತದೆ ಎಂದು ಬಾಗಿಲು ನೋಡುತ್ತಿದ್ದರೆ, ಹಿಂದಿನಿಂದ ಇವರ ಟೀಕೆ ಬರುತ್ತಿತ್ತು. "ಹುಟ್ಟಿದ ಕೂಡಲೇ ಮಗುವಿಗೆ ನೀರು ಹಾಕಬಾರದು" ಎಂದೆ. "ಹಂಗಾರೆ ನನ್ ಮಕ್ಕಳು ಹೆಂಗೆ ಬೆಳೆದ್ವು, ಒಣಗ್ಲಿ ಅಂತ ಬಿಸಿಲಿಗೆ ಇಟ್ಟಿದ್ನಾ?" ಎಂದರು. ಹಾಲೆಲ್ಲ ನಗು. ಆಗ ನನಗೊಂದು ಉಪಾಯ ಹೊಳೆಯಿತು. ಇವರನ್ನೇ ಅತ್ತೆಯ ಪಾತ್ರಕ್ಕೆ ಕೂರಿಸಿ, ಎಲ್ಲರೂ ಇವರ ಮುಂದೆಯೇ ಅಭ್ಯಾಸ ಮಾಡಲಿ!

"ನಾಟಕ ಗೀಟಕ ನನಗೆ ಬರಕಿಲ್ಲ" ಎಂದರು ಚಿತ್ತಮ್ಮ. "ನಾಟಕ ಬ್ಯಾಡ, ನೀವು ಇರೋ ಹಂಗೇ ಇರ್ರಿ" ಎಂದೆ.

ಮೊದಲು ಎದ್ದವಳು ಬಾಗೂರಿನ ಗೌರಮ್ಮನೇ. ಅವಳು ಆ ಹೊತ್ತಿಗೆ ಅನುಭವಸ್ಥೆ, ಹೊಸಬರಿಗೆ ತೋರಿಸಿಕೊಡಲೆಂದು ನಾನು ಕರೆಸಿಕೊಂಡಿದ್ದೆ. "ಅಮ್ಮಾರೆ, ನಿಮ್ ಸೊಸೆಗೆ ರಕ್ತ ಹೆಚ್ಚೋ ಮಾತ್ರೆ ಕೊಡ್ತಿದೀರಾ?" ಎಂದು ಗತ್ತಿನಿಂದಲೇ ಶುರುಮಾಡಿದಳು.

"ಬರ್ರಿ, ಬರ್ರಿ. ಯಾವೂರಾತು?"

"ಬಾಗೂರು."

"ಬಾಗೂರೇ! ನಮ್ ದೊಡ್ಡಪ್ಪನ ಮಗಳನ್ನ ಅಲ್ಲಿಗೇ ಕೊಟ್ಟೈತೆ. ಊರ ಮುಂದ್ಲ ಮನೆ, ಬಾಗ್ಲಾಗೆ ಹುಣಸೆಮರ ಐತೆ ನೋಡು."

"ಅಯ್ಯೋ, ಅದು ನಮ್ಮತ್ತೆ ಓರಗಿತ್ತಿ ಮನೆ ಕಣ್ರಿ!"

ಅಷ್ಟೇ. ಹುಣಸೆಮರದಿಂದ ಮದುವೆಗೆ, ಮದುವೆಯಿಂದ ಯಾರದೋ ಮುನಿಸಿಗೆ, ಮುನಿಸಿನಿಂದ ತೀರಿಹೋದವರ ನೆನಪಿಗೆ ಹೋಗಿ, ಗೌರಮ್ಮ ಕಣ್ಣೊರೆಸಿಕೊಂಡು "ಬರ್ತೀನ್ರಿ" ಎಂದು ಎದ್ದು ಬಂದಳು. ಮಾತ್ರೆಯ ಸುದ್ದಿ ಬರಲೇ ಇಲ್ಲ. ಎರಡನೆಯವಳನ್ನು ಚಿತ್ತಮ್ಮ ಗದರಿ ಓಡಿಸಿದರು. ಮೂರನೆಯವಳು ಎಲ್ಲರಿಗಿಂತ ಚೆನ್ನಾಗಿ ಮಾತಾಡಿದಳು. ಅವಳು ಹೇಳಿದ್ದಕ್ಕೆಲ್ಲ ಚಿತ್ತಮ್ಮ "ಆಗ್ಲಮ್ಮ", "ಹಂಗೇ ಮಾಡಾಣ", "ನೀನ್ ಹೇಳಿದ್ ಮ್ಯಾಲೆ ಆತು ಬಿಡು" ಎಂದು ತಲೆಯಾಡಿಸಿದರು. ಹುಡುಗಿ ಗೆದ್ದೆ ಎಂದು ಖುಷಿಯಿಂದ ತಿರುಗಿದ ಕೂಡಲೇ ಚಿತ್ತಮ್ಮ ಮಾತ್ರೆಯ ಶೀಟನ್ನು ಹಿಂದಕ್ಕೆ ಎಸೆಯುವ ಹಾಗೆ ಕೈ ಮಾಡಿ ತೋರಿಸಿದರು. ಹೊಸದಾಗಿ ಈ ಕೆಲಸಕ್ಕೆ ಬರುವವರು ಇದೊಂದನ್ನು ಚೆನ್ನಾಗಿ ತಿಳಿದುಕೊಳ್ಳಿ. ಬೈಯುವ ಅತ್ತೆಗೆ ಹೆದರಬೇಡಿ. "ಆಗ್ಲಮ್ಮ" ಎನ್ನುವ ಅತ್ತೆಯ ಮನೆಗೆ ಎರಡು ದಿನ ಬಿಟ್ಟು ಮತ್ತೆ ಹೋಗಿ.

ಕೊನೆಗೆ ಹೆಂಗಸರೆಲ್ಲ "ಮಂಜುಳ! ಮಂಜುಳ!" ಎಂದು ಕೂಗಿದರು. ನಾನು ತಡೆಯಬೇಕಾಗಿತ್ತು, ನನಗೂ ನೋಡುವ ಆಸೆ. ಮಂಜುಳ ಮುಂದೆ ಬಂದು ನಿಂತಳು. ಬಾಯಿಂದ ಒಂದು ಮಾತು ಹೊರಡಲಿಲ್ಲ. "ಏನೇ, ಬಾಯಿಗೆ ಬೀಗ ಹಾಕ್ಕಂಡೀಯೇನು? ಮನೆಮನೆಗೆ ಹೋಗಿ ಹಿಂಗೇ ನಿಂತ್ಕಂತೀಯಾ?" ಎಂದರು ಚಿತ್ತಮ್ಮ. ಅದು ಪಾತ್ರದ ಮಾತೋ ಮನೆಯ ಮಾತೋ ಯಾರಿಗೂ ತಿಳಿಯಲಿಲ್ಲ. ಮಂಜುಳ ಹೋಗಿ ಕೂತಳು. ಚಿತ್ತಮ್ಮ ನನ್ನ ಕಡೆ ನೋಡಿದ ನೋಟದಲ್ಲಿ, ತೀರ್ಮಾನ ಆದ ಹಾಗೇ ಎಂಬುದು ಸ್ಪಷ್ಟವಾಗಿತ್ತು.

ಆದರೂ ಊರಿಗೆ ಹೋಗಿ ನಿಜವಾದ ಮನೆಯಲ್ಲಿ ಭೇಟಿ ಮಾಡಿ ತೋರಿಸುವ ಪರೀಕ್ಷೆ ಇನ್ನೂ ಬಾಕಿ ಇತ್ತು. ಭೀಮಸಮುದ್ರದ ಹತ್ತಿರದ ಒಂದು ಹಳ್ಳಿಗೆ ಎಲ್ಲರನ್ನೂ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಮಂಜುಳಳ ಪಾಲಿಗೆ ಬಂದ ಮನೆಯಲ್ಲಿ ದಿನ ತುಂಬಲು ಇನ್ನೂ ಒಂದು ತಿಂಗಳಿದ್ದ ಬಸುರಿಯಿದ್ದಳು. ಬಾಗಿಲಲ್ಲಿ ಅವಳ ಅತ್ತೆ ಮೊರದಲ್ಲಿ ಒಣ ಅಡಿಕೆ ಹಾಕಿಕೊಂಡು ಆರಿಸುತ್ತಾ ಕೂತಿದ್ದರು. ನಮ್ಮನ್ನು ನೋಡಿ, "ನಮ್ ಸೊಸೆ ಚೆನ್ನಾಗವಳೆ, ಮುಂದ್ಲ ಮನೆಗೆ ಹೋಗ್ರಿ" ಎಂದರು. ಮಂಜುಳ ಬಾಯಿ ತೆರೆದಳು, ಮುಚ್ಚಿದಳು.

ಆಗ ಹಿಂದಿನಿಂದ ಚಿತ್ತಮ್ಮ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ಮುಂದೆ ಬಂದರು. ಇವರು ಜೊತೆಗೆ ಬರಬೇಕೆಂದು ಯಾವ ನಿಯಮವೂ ಇರಲಿಲ್ಲ, ಬೇಡ ಎನ್ನುವ ಧೈರ್ಯ ನನಗೂ ಇರಲಿಲ್ಲ. "ಬಿಸ್ಲಾಗೆ ಬಂದೀವಿ, ಒಂದ್ ಚೊಂಬು ನೀರು ಕೊಡಂಗಿಲ್ವೇನಮ್ಮ?" ಎನ್ನುತ್ತಾ ಆ ಅತ್ತೆಯ ಪಕ್ಕದಲ್ಲೇ ಕೂತು, ಮೊರಕ್ಕೆ ಕೈ ಹಾಕಿ ತಾವೂ ಅಡಿಕೆ ಆರಿಸಲು ಶುರುಮಾಡಿದರು. ಅಡಿಕೆಯಲ್ಲಿ ಯಾವುದು ಒಳ್ಳೆಯದು ಯಾವುದು ಕೆಟ್ಟದ್ದು ಎಂದು ಅವರಿಗೆ ಏನೂ ಗೊತ್ತಿರಲಿಲ್ಲ. ಒಳ್ಳೆಯದನ್ನೆಲ್ಲ ಎತ್ತಿ ಕಸದ ಗುಡ್ಡೆಗೆ ಹಾಕುತ್ತಿದ್ದರು, ಆ ಅತ್ತೆ ಎತ್ತಿ ಎತ್ತಿ ಮೊರಕ್ಕೆ ಹಾಕಿಕೊಳ್ಳುತ್ತಿದ್ದರು. ಈ ಕಾಲದ ಸೊಸೆಯಂದಿರ ಬಗ್ಗೆ ಮಾತು ಶುರುವಾಗಿ, ಇಬ್ಬರಿಗೂ ಬೇರೆ ಲೋಕ ಮರೆತುಹೋಯಿತು. ಆ ಸಂದಿನಲ್ಲಿ ಮಂಜುಳ ಒಳಗೆ ಹೋದಳು. ನಾನೂ ಹಿಂದೆ ಹೋದೆ.

ಒಳಗೆ ಹುಡುಗಿ ಗೋಡೆ ಕಡೆ ತಿರುಗಿ ಮಲಗಿತ್ತು. ಮಂಜುಳ ಪಕ್ಕದಲ್ಲಿ ಕೂತು, ಪುಸ್ತಕ ತೆಗೆಯದೆ, "ಯಾಕೆ ಮಲಗಿದೀಯಾ?" ಎಂದು ಮೆಲ್ಲಗೆ ಕೇಳಿದಳು. "ತಲೆ ಸಿಡೀತೈತೆ ಅಕ್ಕ. ನಿನ್ನೆಯಿಂದ ಕಣ್ಣು ಮಂಜು ಮಂಜು" ಎಂದಿತು ಹುಡುಗಿ. ಮುಖ ಊದಿತ್ತು. ಬಳೆ ಕೈಗೆ ಕಚ್ಚಿಕೊಂಡಿತ್ತು. ನಾನು ಬಿಪಿ ಪಟ್ಟಿ ಸುತ್ತುವ ಮೊದಲೇ ಮಂಜುಳ ಎದ್ದು ಹೊರಗೆ ಹೋದಳು.

"ಅಮ್ಮಾರೆ, ನಿಮ್ ಸೊಸೆನ್ನ ಈಗ್ಲೇ ಆಸ್ಪತ್ರೆಗೆ ಕರ್ಕಂಡು ಹೋಗ್ಬೇಕು" ಎಂದಳು.

"ಯಾಕೆ, ಏನಾತು? ಬಸುರಿ ಅಂದ್ಮ್ಯಾಲೆ ಊತ ಬರ್ದೆ ಇರ್ತೈತಾ?" ಎಂದರು ಆ ಅತ್ತೆ.

ಚಿತ್ತಮ್ಮ ಅವರ ಪರವಾಗಿ ತಲೆಯಾಡಿಸಿದರು. "ದಿಟ ಕಣಮ್ಮ. ನನಗೂ ಊದಿತ್ತು. ಇವಳು ಹುಡುಗು ಮುಂಡೇದು, ಇವಳಿಗೇನು ಗೊತ್ತು."

"ಅತ್ತೆ, ನೀವು ಸುಮ್ನಿರ್ರಿ!"

ಹೇಳಿದ್ದು ಮಂಜುಳ. ಇಡೀ ಬೀದಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು. ಅಲ್ಲಿಗೇ ನಿಲ್ಲಲಿಲ್ಲ. "ನಿಮಗೆ ಕಾಲು ಊದಿತ್ತು. ಇವಳಿಗೆ ಮುಖ, ಕೈ ಊದೈತೆ, ಕಣ್ಣು ಮಂಜಾಗೈತೆ. ಇದು ಬ್ಯಾರೆ. ಸಾಯಂಕಾಲದ ಗಂಟ ಇಟ್ಕಂಡ್ರೆ ಫಿಟ್ಸ್ ಬರ್ತೈತೆ, ತಾಯೀನೂ ಇರಲ್ಲ, ಮಗೂನೂ ಇರಲ್ಲ. ಏಳ್ರಿ ಅಮ್ಮಾರೆ, ಅಡಿಕೆ ಆಮೇಲೆ!" ಎಂದಳು.

ಚಿತ್ತಮ್ಮನ ಕೈಯಲ್ಲಿದ್ದ ಅಡಿಕೆ ಕೈಯಲ್ಲೇ ಉಳಿಯಿತು. ನಾನು ಒಳಗಿನಿಂದ ಬಂದು ಬಿಪಿ ಎಷ್ಟಿದೆ ಎಂದು ಹೇಳಿದ ಮೇಲೆ ಆ ಅತ್ತೆಯೂ ಗಾಬರಿಯಾದರು. ಆಂಬುಲೆನ್ಸ್ ಬರುವವರೆಗೂ ಮಂಜುಳ ಹುಡುಗಿಯ ಪಕ್ಕ ಬಿಟ್ಟು ಕದಲಲಿಲ್ಲ. ದುರ್ಗದ ಆಸ್ಪತ್ರೆಯಲ್ಲಿ ಆ ರಾತ್ರಿಯೇ ಹೆರಿಗೆಯಾಯಿತು. ಮಗು ಸಣ್ಣದು, ಆದರೆ ತಾಯಿ, ಮಗು ಇಬ್ಬರೂ ಉಳಿದರು. ನನ್ನ ಕೆಲಸದಲ್ಲಿ ನಾನು ಅತ್ತದ್ದು ಕಡಿಮೆ. ಮಾರನೆಯ ಬೆಳಿಗ್ಗೆ ಆ ಸುದ್ದಿ ಕೇಳಿ ಅತ್ತುಬಿಟ್ಟೆ.

ಆದರೆ ಚಿತ್ತಮ್ಮ ವಾಪಸು ಬರುವಾಗ ಬಸ್ಸಿನಲ್ಲಿ ಮಾತಾಡಲಿಲ್ಲ. ಮಾರನೆಯ ದಿನವೂ ಇಲ್ಲ. ತರಬೇತಿ ಮುಗಿಯುವವರೆಗೂ ಹಾಲಿನ ಹೊರಗೆ ಬೇವಿನ ಮರದ ಕೆಳಗೆ ಮಗು ಆಡಿಸುತ್ತಾ ಕೂತಿದ್ದರು. ಹಿಂದಿನಿಂದ ಟೀಕೆಯಿಲ್ಲದ ಪಾಠ ನನಗೇ ಉಪ್ಪು ಹಾಕದ ಸಾರಿನಂತೆ ಅನಿಸಿತು. ಮಂಜುಳ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೇಲೆ ಬಂದಳು. ಅವಳ ಮುಖದಲ್ಲಿ ಒಂದಿಷ್ಟೂ ಸಂತೋಷವಿರಲಿಲ್ಲ. "ಮುಗೀತು ಮೇಡಂ. ಬೀದ್ಯಾಗೆ ನಿಂತು ಅಂದ್ಬಿಟ್ಟೆ, ಇನ್ನ ಕಳ್ಸಲ್ಲ" ಎಂದಳು. ಹಿರಿಯೂರಿನ ಬಸ್ಸು ಹತ್ತುವಾಗ ಚಿತ್ತಮ್ಮ ನನ್ನ ಕಡೆ ತಿರುಗಿ, "ಚೆನ್ನಾಗಿ ಕಲ್ಸಿದ್ರಿ ನರ್ಸಮ್ಮ" ಎಂದರು. ಅಲ್ಲಿಯವರೆಗೂ ನನ್ನನ್ನು ಏಕವಚನದಲ್ಲಿ ಮಾತಾಡಿಸುತ್ತಿದ್ದವರು ಹೀಗೆ 'ರಿ' ಸೇರಿಸಿದ್ದು ಕೇಳಿ ನನಗೆ ಇನ್ನಷ್ಟು ಭಯವಾಯಿತು.

ಅಷ್ಟರಲ್ಲಿ ನಮ್ಮ ಕೆಲಸದ ರೀತಿಯೇ ಬದಲಾಯಿತು. ಚಿತ್ರದ ಹಾಳೆಗಳು ಹೋಗಿ ಮೊಬೈಲ್ ಬಂತು. ಪ್ರತಿ ತಾಲ್ಲೂಕಿಗೂ ವಾಟ್ಸಾಪ್ ಗುಂಪು. ಬೆಳಿಗ್ಗೆ ಎದ್ದರೆ ಗುಲಾಬಿ ಹೂವು, ದೇವರ ಪಟ, ನಡುವೆ ಎಲ್ಲೋ ಒಂದು ಹೆರಿಗೆಯ ವರದಿ. "ಇಲ್ಲಿ ಶುಭೋದಯ ಹಾಕಬಾರದು" ಎಂದು ಸಾಹೇಬರು ಖಡಕ್ಕಾಗಿ ಬರೆದರೆ, ಅದಕ್ಕೂ ಎಲ್ಲರೂ ಕೈಮುಗಿದು "ಶುಭೋದಯ ಸಾರ್" ಎಂದು ಉತ್ತರ ಹಾಕುತ್ತಿದ್ದರು. ಹಿರಿಯೂರಿನ ಗುಂಪಿನಲ್ಲಿ ನಾನು ಆಗಾಗ ಹುಡುಕುತ್ತಿದ್ದೆ. ಆ ತಂಡದವರೆಲ್ಲ ಇದ್ದರು, ಮಂಜುಳ ಮಾತ್ರ ಇರಲಿಲ್ಲ. ಒಂದು ದಿನ ಹಿರಿಯೂರಿಗೆ ಬೇರೆ ಕೆಲಸವಿತ್ತು. ತಡೆಯಲಾಗದೆ ಆಟೋ ಹಿಡಿದು ಹಟ್ಟಿಗೇ ಹೋದೆ.

ಚಿತ್ತಮ್ಮ ಬಾಗಿಲ ಮುಂದೆ ಕಂಬಳಿ ಹಾಸಿಕೊಂಡು ಉಣ್ಣೆ ನೂಲುತ್ತಾ ಕೂತಿದ್ದರು. "ಬಾರಮ್ಮ ನರ್ಸಮ್ಮ, ಕುಂತ್ಕ" ಎಂದರು. ಮತ್ತೆ ಏಕವಚನ ಕೇಳಿ ಸ್ವಲ್ಪ ಜೀವ ಬಂತು. ಹಳೇ ಸೀರೆಯುಟ್ಟು, ಕೈಗೆಲ್ಲ ರಾಗಿಹಿಟ್ಟು ಮಾಡಿಕೊಂಡು ಮಂಜುಳ ಒಳಗಿನಿಂದ ನೀರು ತಂದಳು. ನನ್ನನ್ನು ನೋಡಿ ನಕ್ಕಳು. ವಾಟ್ಸಾಪ್ ಗುಂಪಿನಲ್ಲಿ ಯಾಕಿಲ್ಲ ಎಂದು ಕೇಳಿದೆ. "ಫೋನು ನಮ್ಮನೆಯೋರ ತಾವ ಐತೆ ಮೇಡಂ, ಕುರಿ ಜತೆ" ಎಂದಳು. ಮುಂದಿನ ಪ್ರಶ್ನೆ ಕೇಳಲು ನನಗೆ ಧೈರ್ಯವಾಗಲಿಲ್ಲ.

ಒಳಗೆ ಹಿಂತಿರುಗುವಾಗ ಮಂಜುಳ ಅತ್ತೆಯ ಹತ್ತಿರ ಬಗ್ಗಿ, "ಅತ್ತೆ, ಬಿಪಿ ಮಾತ್ರೆ ನಿನ್ನೇದೂ ತಗಂಡಿಲ್ಲ ನೀವು" ಎಂದಳು.

"ನನ್ನ ಕೇಳಾಕೆ ನೀನ್ಯಾವಳೇ? ಹೋಗಿ ಮುದ್ದೆ ತಿರುವು ಹೋಗು."

ಮಂಜುಳ ಒಳಗೆ ಹೋದಳು. ನಾನು ಅರ್ಧ ಕುಡಿದ ಚೊಂಬನ್ನು ಕೆಳಗಿಟ್ಟೆ. ಅಷ್ಟು ಗಟ್ಟಿಯಾಗಿ ಮಾತಾಡಿದ ಹುಡುಗಿ ಮತ್ತೆ ಒಲೆಯ ಮುಂದೆ ಸೇರಿಕೊಂಡಳಲ್ಲ, ಎಲ್ಲ ಹಾಳಾಯಿತಲ್ಲ ಎಂದು ಸಂಕಟವಾಯಿತು. ಸ್ವಲ್ಪ ಹೊತ್ತು ಕೂತಿದ್ದು, ಇನ್ನು ಎದ್ದು ಹೊರಡೋಣ ಎಂದುಕೊಳ್ಳುವಷ್ಟರಲ್ಲಿ ಮನೆಯ ಪಕ್ಕದ ಸಂದಿಯಿಂದ ಚಪ್ಪಲಿಯ ಸದ್ದು ಬಂತು. ಹಿತ್ತಲ ಬಾಗಿಲಿನಿಂದ ಹೊರಟು ಸುತ್ತಿಕೊಂಡು ಮಂಜುಳ ಬಂದಳು. ಮೈಮೇಲೆ ಸಲಹೆಗಾರ್ತಿಯರ ಸಮವಸ್ತ್ರದ ಸೀರೆ, ಹೆಗಲಿಗೆ ಚೀಲ, ಬಾಚಿದ ತಲೆ. ಬೀದಿಯಲ್ಲೇ ನಿಂತು, "ಚಿತ್ತಮ್ಮಾರೆ, ಮನ್ಯಾಗಿದೀರಾ?" ಎಂದು ಕೂಗಿದಳು.

ಚಿತ್ತಮ್ಮ ಕದಿರು ಕೆಳಗಿಟ್ಟರು. ಸೆರಗು ಸರಿಮಾಡಿಕೊಂಡರು. ಕಂಬಳಿಯ ಮೇಲೆ ಒಂದು ಪಕ್ಕಕ್ಕೆ ಸರಿದು ಜಾಗ ಬಿಟ್ಟರು. "ಬರ್ರಿ, ಬರ್ರಿ. ಕುಂತ್ಕಳ್ರಿ" ಎಂದರು.

ಮಂಜುಳ ಅತ್ತೆಯ ಪಕ್ಕದಲ್ಲಿ, ಅದೇ ಕಂಬಳಿಯ ಮೇಲೆ ಕೂತಳು. "ತಲೆ ಸುತ್ತು ಬರ್ತೈತಾ? ಮಾತ್ರೆ ಶೀಟು ತೋರಿಸ್ರಿ. ಇದೇನು, ಎರಡು ದಿನದ್ದು ಹಂಗೇ ಉಳಿದೈತಲ್ಲ?"

"ಮರ್ತೋತು ಕಣ್ರಿ. ನಮ್ ಸೊಸೆ ನೆನಪು ಮಾಡಂಗಿಲ್ಲ."

"ಸೊಸೆಗೆ ನಾನು ಹೇಳ್ತೀನಿ. ಈಗ ನೀವು ನನ್ನೆದುರ್ಗೇ ನುಂಗ್ರಿ."

ಚಿತ್ತಮ್ಮ ನನ್ನ ಚೊಂಬಿನಲ್ಲಿ ಉಳಿದಿದ್ದ ನೀರು ತೆಗೆದುಕೊಂಡು ಮಾತ್ರೆ ನುಂಗಿದರು. ನುಂಗಿದ್ದನ್ನು ಬಾಯಿ ತೆರೆದು ತೋರಿಸಿಯೂ ಬಿಟ್ಟರು. ಮಂಜುಳ "ಬರ್ತೀನ್ರಿ, ಇನ್ನ ನಾಕು ಮನೆ ಅವೆ" ಎಂದು ಎದ್ದು, ಚೀಲ ಸರಿಮಾಡಿಕೊಂಡು ಮುಂದಿನ ಮನೆಯ ಕಡೆ ಹೋದಳು. ಅವಳು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಿದ್ದ ಚಿತ್ತಮ್ಮ ನನ್ನ ಕಿವಿಯ ಹತ್ತಿರ ಬಗ್ಗಿದರು.

"ಬಾಳ ಗಟ್ಟಿಗಿತ್ತಿ ಕಣಮ್ಮ ಈ ಸಲಹೆಗಾರ್ತಿ. ಹಟ್ಟಿಗೆ ಹಟ್ಟೀನೇ ಇವಳ ಮಾತು ಕೇಳ್ತೈತೆ. ನಮ್ ಸೊಸೆ ಮುಂದೆ ಮಾತ್ರ ಇದನ್ನ ಅನ್ನಬ್ಯಾಡ."